ಮೈ ಝಳಕ್ಕೆ ಡಿಪ್ರೆಷನ್ ಗುಳಿಗೆಯೋ, ಹಾರ್ಮೋನೋ? ಇಬ್ಬರು ಡಾಕ್ಟರು ಎರಡು ಚೀಟಿ ಬರೆದಿದ್ದಾರೆ

ವಿದ್ಯಾನಗರ ಟೀಚರ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ನನ್ನ ವಯಸ್ಸಿನವರು ಜಾಸ್ತಿ ಇದ್ದಾರೆ ಅಂತ ಧೈರ್ಯ ಮಾಡಿ ಕೇಳುತ್ತಿದ್ದೇನೆ. ನನಗೆ 48. ಮುಟ್ಟು ನಿಂತು ವರ್ಷದ ಮೇಲಾಯಿತು. ನಿಂತಿದ್ದಕ್ಕೆ ಬೇಜಾರಿಲ್ಲ, ನಿಜ ಹೇಳಬೇಕೆಂದರೆ ಪೀಡೆ ತೊಲಗಿತು ಅನಿಸಿತ್ತು. ಆಮೇಲೆ ಶುರುವಾಯಿತು ನೋಡಿ ಈ ಝಳ. ಎದೆಯಿಂದ ಏಳುತ್ತದೆ, ಕುತ್ತಿಗೆ, ಮುಖ, ಕಿವಿ ಎಲ್ಲ ಕೆಂಪಗೆ ಕಾಯುತ್ತದೆ, ಸ್ವಲ್ಪ ಹೊತ್ತಿಗೆ ಬೆವರು ಒಡೆದು ಜಂಪರು ಪೂರ್ತಿ ಒದ್ದೆ, ಅದಾದ ಮೇಲೆ ಚಳಿ. ಏಳನೇ ಕ್ಲಾಸಿಗೆ ಗಣಿತ ಹೇಳುವಾಗ ಬೋರ್ಡಿನ ಕಡೆ ತಿರುಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತೇನೆ, ಹುಡುಗರಿಗೆ ಗೊತ್ತಾಗದಿರಲಿ ಅಂತ. ಅವರಿಗೆ ಗೊತ್ತೇ ಇದೆ. ಮುಂದಿನ ಬೆಂಚಿನ ಹುಡುಗಿ ಒಬ್ಬಳು ಯಾರೂ ಹೇಳದೆ ಎದ್ದು ಹೋಗಿ ಫ್ಯಾನು ಜೋರು ಮಾಡಿ ಬಂದು ಕೂರುತ್ತಾಳೆ.

ಬೆಳಗ್ಗೆ ಹಂಚಿನ ಮುಂದೆ ನಿಂತು ರೊಟ್ಟಿ ಬಡಿಯೋದಂತೂ ಕೇಳಲೇಬೇಡಿ. ರಾತ್ರಿ ಇನ್ನೂ ಕಷ್ಟ. ಹೊದ್ದುಕೋ, ಒದ್ದು ಬಿಸಾಡು, ಮತ್ತೆ ಹೊದ್ದುಕೋ, ಬೆಳಗಿನ ತನಕ ಇದೇ. ನಿದ್ದೆ ಇಲ್ಲದೆ ಸಿಟ್ಟು ಬರುತ್ತದೆ, ಮನೆಯವರ ಮೇಲೆ, ಮಕ್ಕಳ ಮೇಲೆ, ಒಮ್ಮೊಮ್ಮೆ ಹಾಲು ಹಾಕುವವನ ಮೇಲೂ. ಆದರೆ ದುಃಖ, ಬದುಕು ಬೇಡ ಅನ್ನೋದು ಅಂಥದ್ದೇನೂ ಇಲ್ಲ. ಚೆನ್ನಾಗಿ ನಿದ್ದೆ ಬಂದ ಮರುದಿನ ನಾನು ನಾನಾಗಿಯೇ ಇರುತ್ತೇನೆ.

ಮೊದಲು ನಮ್ಮ ಬಿಪಿ ನೋಡುವ ಡಾಕ್ಟರ ಹತ್ತಿರ ಹೋದೆ. ನನಗೆ ಬಿಪಿ ಇದೆ, ಟೆಲ್ಮಿಸಾರ್ಟಾನ್ 40 ತಗೋತೀನಿ, ಕಂಟ್ರೋಲಿನಲ್ಲಿದೆ. ಅವರು ವೆನ್ಲಾಫ್ಯಾಕ್ಸಿನ್ ಬರೆದುಕೊಟ್ಟರು. ಮನೆಗೆ ಬಂದು ಮಗಳು ಮೊಬೈಲಲ್ಲಿ ನೋಡಿ, ಅಮ್ಮಾ ಇದು ಡಿಪ್ರೆಷನ್ ಗುಳಿಗೆ ಅಂದಳು. ಅತ್ತೆ ಅಲ್ಲೇ ಕೂತಿದ್ದರು, ಕೇಳಿದ್ದೇ ತಡ, "ಹುಚ್ಚರಿಗೆ ಕೊಡೋ ಗುಳಿಗಿ ನಿನಗ್ಯಾಕ ಬೇಕs?" ಅಂತ ಶುರು. ಆಮೇಲೆ ಲೇಡಿ ಡಾಕ್ಟರ ಹತ್ತಿರ ಹೋದೆ. ಅವರು ಆ ಚೀಟಿ ಪಕ್ಕಕ್ಕಿಟ್ಟು, ಹಾರ್ಮೋನ್ ಜೆಲ್ ಹಚ್ಚಿಕೊಳ್ಳಿ, ರಾತ್ರಿ ಒಂದು ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ತಗೊಳ್ಳಿ ಅಂದರು. ಈಗ ಮನೆಯವರು, ಹಾರ್ಮೋನ್ ತಗೊಂಡರೆ ಕ್ಯಾನ್ಸರ್ ಬರುತ್ತದೆ, ಬೇಡ ಅನ್ನುತ್ತಿದ್ದಾರೆ. ನಮ್ಮ ಚಿಕ್ಕಮ್ಮನಿಗೆ 60 ದಾಟಿದ ಮೇಲೆ ಎದೆ ಕ್ಯಾನ್ಸರ್ ಆಗಿತ್ತು, ಅದಕ್ಕೇ ಈ ಹೆದರಿಕೆ. ಎರಡೂ ಚೀಟಿ ಫ್ರಿಜ್ ಮೇಲೆ ಹಾಗೇ ಬಿದ್ದಿವೆ. ಎರಡರಲ್ಲಿ ಯಾವುದಾದರೂ ತಗೊಂಡವರು ಇದ್ದರೆ ದಯವಿಟ್ಟು ಹೇಳಿ. ಧೈರ್ಯ ಹೇಳೋದು ಬೇಡ, ಏನಾಯಿತು ಅನ್ನೋದು ಬೇಕು.

ಗದಗಿನ ಅಕ್ಕ

ಟೀಚರ್, ನಾನು ನಿಮ್ಮ ಮೊದಲನೇ ಚೀಟಿಯ ಗುಳಿಗೆ ತಗೊಳ್ಳುವವಳು. ನನಗೆ ಆಯ್ಕೆ ಇರಲಿಲ್ಲ. ಎದೆ ಕ್ಯಾನ್ಸರ್ ಆಗಿ ಆಪರೇಷನ್, ಕಿಮೋ ಎಲ್ಲ ಮುಗಿಸಿ ಟಮಾಕ್ಸಿಫೆನ್ ಮೇಲಿದ್ದೇನೆ, ಕ್ಯಾನ್ಸರ್ ಮರಳಿ ಬಾರದಿರಲಿ ಅಂತ ಕೊಡುವ ಗುಳಿಗೆ ಅದು. ನನ್ನಂಥವರಿಗೆ ಹಾರ್ಮೋನ್ ಕೊಡುವುದಿಲ್ಲ. ಕಿಮೋದಿಂದ ಮುಟ್ಟು ನಿಂತಿತು, ಅದರ ಮೇಲೆ ಟಮಾಕ್ಸಿಫೆನ್ ಕೂಡ ಝಳ ತರುತ್ತದೆ. ಗದಗಿನ ಏಪ್ರಿಲ್ ಬಿಸಿಲು ಬೇರೆ. ಹೇಗಿದ್ದಿರಬಹುದು ನೀವೇ ಯೋಚನೆ ಮಾಡಿ.

ಊರಲ್ಲಿ ಒಬ್ಬ ಡಾಕ್ಟರು ಝಳಕ್ಕೆ ಅಂತ ಪ್ಯಾರೋಕ್ಸೆಟಿನ್ ಕೊಟ್ಟಿದ್ದರು, ಅದೂ ಡಿಪ್ರೆಷನ್ ಗುಳಿಗೆಯೇ. ಹುಬ್ಬಳ್ಳಿಗೆ ಚೆಕಪ್‌ಗೆ ಹೋದಾಗ ಕ್ಯಾನ್ಸರ್ ಡಾಕ್ಟರು ನನ್ನ ಗುಳಿಗೆ ಚೀಲ ಮೇಜಿನ ಮೇಲೆ ಸುರಿದು ಒಂದೊಂದೇ ಪಟ್ಟಿ ತಿರುಗಿಸಿ ನೋಡಿದರು, ಅದನ್ನು ಎತ್ತಿ ಬೇರೆ ಇಟ್ಟರು. ಟಮಾಕ್ಸಿಫೆನ್ ಲಿವರ್‌ನಲ್ಲಿ ಎಂಡಾಕ್ಸಿಫೆನ್ ಅನ್ನೋದಾಗಿ ಬದಲಾದರೇನೇ ಪೂರ್ತಿ ಕೆಲಸ ಮಾಡೋದಂತೆ, ಪ್ಯಾರೋಕ್ಸೆಟಿನ್, ಫ್ಲೂಆಕ್ಸೆಟಿನ್ ಎರಡೂ ಆ ಬದಲಾವಣೆಗೆ ಅಡ್ಡ ನಿಲ್ಲುತ್ತವಂತೆ. ಹಾಗಾಗಿ ಅದನ್ನು ನಿಧಾನವಾಗಿ ಬಿಡಿಸಿ ವೆನ್ಲಾಫ್ಯಾಕ್ಸಿನ್ ಕೊಟ್ಟರು, ಮೊದಲು 37.5, ಆಮೇಲೆ 75. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪರಿಚಯದಲ್ಲಿ ಟಮಾಕ್ಸಿಫೆನ್ ತಗೊಳ್ಳುವವರು ಇದ್ದರೆ ಒಂದು ಮಾತು ಹಾಕಿ, ಝಳದ ಗುಳಿಗೆ ಯಾವುದು ಅಂತ ಕ್ಯಾನ್ಸರ್ ಡಾಕ್ಟರಿಗೆ ತೋರಿಸಲಿ. ತಾವೇ ನಿಲ್ಲಿಸುವುದು ಬೇಡ, ತೋರಿಸಲಿ ಅಷ್ಟೇ.

ಇನ್ನು ಅದು ಹೇಗಿತ್ತು ಅಂದರೆ: ಮೊದಲ ವಾರ ಹೊಟ್ಟೆ ತೊಳಸು, ಬಾಯಿ ಒಣಗು. ಊಟದ ಜೊತೆ ತಗೊಂಡ ಮೇಲೆ ಕಡಿಮೆಯಾಯಿತು. ಎರಡನೇ ವಾರದ ಹೊತ್ತಿಗೆ ಝಳ ಇಳಿಯತೊಡಗಿತು. ಪೂರ್ತಿ ಹೋಗಿಲ್ಲ, ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದೆ, ಆದರೆ ಆ ಅರ್ಧವೇ ನನಗೆ ಸಾಕು, ರಾತ್ರಿ ಮಲಗುತ್ತೇನೆ. ಕೆಟ್ಟದ್ದೂ ಹೇಳಿಬಿಡುತ್ತೇನೆ. ತೋಂಟದಾರ್ಯ ಜಾತ್ರೆ ಟೈಮಿನಲ್ಲಿ ಅಂಗಡಿಯಲ್ಲಿ ಸ್ಟಾಕ್ ಮುಗಿದು ಗುಳಿಗೆ ತಪ್ಪಿತು. ಮರುದಿನವೇ ತಲೆ ತಿರುಗು, ಕಣ್ಣು ಆಚೀಚೆ ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ ಚುರುಕ್ ಅನ್ನುತ್ತಿತ್ತು. ಜಾತ್ರೆಯ ಗದ್ದಲದಲ್ಲಿ ಗೋಡೆ ಹಿಡಿದು ನಿಂತೆ. ಹಾಗಾಗಿ ಇದನ್ನು ಶುರು ಮಾಡಿದರೆ ಪಟ್ಟಿ ಖಾಲಿಯಾಗುವ ಮುಂಚೆಯೇ ಇನ್ನೊಂದು ತಂದಿಡಿ, ಬಿಡಬೇಕೆಂದರೆ ಡಾಕ್ಟರು ಹೇಳಿದಂತೆ ಇಳಿಸುತ್ತಾ ಬಿಡಿ. ಹಳ್ಳಿ ಕಡೆ ಎಲ್ಲ ಅಂಗಡಿಯಲ್ಲೂ ಸಿಗುವ ಮಾಲು ಅಲ್ಲ ಇದು.

ನಿಮ್ಮ ಅತ್ತೆಯವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಮನೆಯಲ್ಲೂ ಅದೇ ಮಾತು ಬಂತು. ಮಿರ್ಗಿ, ಅಂದರೆ ಫಿಟ್ಸ್ ಗುಳಿಗೆಯನ್ನೇ ನರನೋವಿಗೂ ಕೊಡುತ್ತಾರೆ, ಆಗ ಯಾರೂ ಏನೂ ಅನ್ನೋದಿಲ್ಲ ಅಲ್ವಾ?

ಕೇಶ್ವಾಪುರ ಕಾಕು

ನನಗೆ 63. ಎರಡೂ ಚೀಟಿ ಹರಿದು ಒಗೀರಿ ಅಂತೀನಿ ನಾನು. ನಮ್ಮವ್ವ ಆರು ಮಕ್ಕಳ ತಾಯಿ, ಅವಳಿಗೆ ಯಾವ ಜೆಲ್ಲು, ಯಾವ ಕ್ಯಾಪ್ಸೂಲು? ಈ ಬ್ಯಾನಿ ಎಲ್ಲಾ ಹೆಂಗಸರಿಗೂ ಬರುತ್ತದೆ, ಬಂದಂಗೆ ಹೋಗುತ್ತದೆ. ಸೋಯಾ ತಿನ್ನಿ, ಶತಾವರಿ ಪುಡಿ ಹಾಲಿನಲ್ಲಿ ಹಾಕಿ ಕುಡಿಯಿರಿ, ಸಂಜೆ ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ. ನನಗೆ ಅಷ್ಟರಲ್ಲೇ ವಾಸಿಯಾಯಿತು. ಈಗಿನವರಿಗೆ ಎಲ್ಲಕ್ಕೂ ದವಾಖಾನೆ.

ಧಾರವಾಡ ಲೇಡಿ ಡಾಕ್ಟರ್

ನಾನು ಸ್ತ್ರೀರೋಗ ವೈದ್ಯೆ, ಧಾರವಾಡದಲ್ಲೇ ಪ್ರಾಕ್ಟೀಸು. ಪರೀಕ್ಷೆ ಮಾಡದೆ ಇಲ್ಲಿ ಕೂತು ಯಾರಿಗೂ ಔಷಧಿ ಬರೆಯಲು ಆಗುವುದಿಲ್ಲ. ಆದರೆ ಟೀಚರ್ ಬರೆದದ್ದನ್ನು ಓದಿದರೆ ನನ್ನ ಅಭಿಪ್ರಾಯ ನೇರವಾಗಿದೆ: ನಿಮ್ಮ ತೊಂದರೆ ಝಳ ಮತ್ತು ನಿದ್ದೆ, ಡಿಪ್ರೆಷನ್ ಅಲ್ಲ. ಅದಕ್ಕೆ ಮೊದಲು ನೋಡಬೇಕಾದ್ದು ಹಾರ್ಮೋನ್. ವೆನ್ಲಾಫ್ಯಾಕ್ಸಿನ್ ಗದಗಿನ ಅಕ್ಕನಂಥವರಿಗೆ, ಅಂದರೆ ಹಾರ್ಮೋನ್ ತಗೊಳ್ಳಬಾರದವರಿಗೆ, ಅಥವಾ ಎಷ್ಟು ತಿಳಿಸಿ ಹೇಳಿದರೂ ಬೇಡ ಅನ್ನುವವರಿಗೆ ಒಳ್ಳೆಯ ಎರಡನೇ ದಾರಿ. ಡಾಕ್ಟರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲೇ ಹೇಳಿದೆ, ಬರೀ ಝಳಕ್ಕೆ ಮೊದಲ ಔಷಧಿಯಾಗಿ ಡಿಪ್ರೆಷನ್ ಗುಳಿಗೆ ಕೊಡುವುದನ್ನು ರೂಢಿ ಮಾಡಿಕೊಳ್ಳಬೇಡಿ ಅಂತ.

ಹಾಗಾದರೆ ಎಷ್ಟೋ ಡಾಕ್ಟರು ಹಾರ್ಮೋನ್ ಅಂದರೆ ಯಾಕೆ ಹಿಂದೆ ಸರಿಯುತ್ತಾರೆ? ಎಲ್ಲಾ ಶುರುವಾದದ್ದು 2002ರ ಜುಲೈನಲ್ಲಿ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಂತ ದೊಡ್ಡ ಅಧ್ಯಯನ ನಡೆಯುತ್ತಿತ್ತು. ಅದರಲ್ಲಿ 16,608 ಹೆಂಗಸರಲ್ಲಿ ಹಾರ್ಮೋನ್ ಪರೀಕ್ಷಿಸುತ್ತಿದ್ದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಎದೆ ಕ್ಯಾನ್ಸರ್ ಜಾಸ್ತಿ ಕಂಡಿತು ಅಂತ ಪೇಪರಿನಲ್ಲೆಲ್ಲ ಬಂತು, ಜಗತ್ತಿನ ತುಂಬ ಹೆಂಗಸರು ಗುಳಿಗೆ ಬಿಸಾಡಿದರು. ಎಷ್ಟು ಜಾಸ್ತಿ ಅಂತ ಯಾರೂ ಕೇಳಲಿಲ್ಲ. ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ 30 ಜನರಿಗೆ ಬರುತ್ತಿದ್ದದ್ದು 38 ಆಯಿತು. ಪಾರ್ಶ್ವವಾಯು 21 ಇದ್ದದ್ದು 29. ತೊಡೆಯ ಮೂಳೆ ಮುರಿಯೋದು 15 ಇದ್ದದ್ದು 10ಕ್ಕೆ ಇಳಿಯಿತು. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಇದೆ. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಆದ ಮೇಲೆ ಹಾರ್ಮೋನ್ ಶುರು ಮಾಡಿದವರೇ ಅದರಲ್ಲಿ ಜಾಸ್ತಿ. ಕೊಟ್ಟದ್ದೂ ಗಬ್ಬದ ಕುದುರೆಯ ಉಚ್ಚೆಯಿಂದ ತೆಗೆದ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನ್, ಜೊತೆಗೆ ಪ್ರೊಜೆಸ್ಟರಾನ್ ಥರದ ಒಂದು ಕೃತಕ ಪ್ರೊಜೆಸ್ಟಿನ್, ಎರಡೂ ಬಾಯಿಂದ ತಗೊಳ್ಳುವ ಗುಳಿಗೆ. ನಿಮಗೆ ಬರೆದಿರುವ ಜೆಲ್ಲಿನಲ್ಲಿ ಇರುವುದು ಎಸ್ಟ್ರಾಡಯಾಲ್ ಅನ್ನೋ ಈಸ್ಟ್ರೋಜನ್, ನಮ್ಮ ಅಂಡಾಶಯ ಮಾಡುತ್ತಿದ್ದದ್ದೇ. ಚರ್ಮದಿಂದ ನೇರವಾಗಿ ರಕ್ತಕ್ಕೆ ಹೋಗುವುದರಿಂದ, ಬಾಯಿಂದ ತಗೊಂಡಾಗ ಆಗುವಂತೆ ರಕ್ತ ಹೆಪ್ಪುಗಟ್ಟುವ ಅಪಾಯ ಏರುವುದಿಲ್ಲ.

ಮುಟ್ಟು ನಿಂತು ಹತ್ತು ವರ್ಷದೊಳಗಿನವರಿಗೆ, 60 ದಾಟದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ ಲಾಭವೇ ಜಾಸ್ತಿ ಅನ್ನೋದು ಈಗ ಹೆಚ್ಚಿನ ವೈದ್ಯ ಸಂಘಗಳ ಮಾತು. 2025ರ ನವೆಂಬರಿನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಈ ಔಷಧಿಗಳ ಡಬ್ಬಿಯ ಮೇಲಿನ ದೊಡ್ಡ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಯುವುದಾಗಿ ಹೇಳಿತು. ಗರ್ಭಚೀಲ ಇರುವವರು ಈಸ್ಟ್ರೋಜನ್ ಒಂದನ್ನೇ ತಗೊಂಡರೆ ಗರ್ಭಚೀಲದ ಒಳಪದರದ ಕ್ಯಾನ್ಸರ್ ಬರಬಹುದು ಅನ್ನೋ ಎಚ್ಚರಿಕೆ ಮಾತ್ರ ಉಳಿಸಿಕೊಂಡಿದ್ದಾರೆ, ಅದು ಸರಿಯೇ. ಟೀಚರ್, ನಿಮಗೆ ಜೆಲ್ ಜೊತೆ ಪ್ರೊಜೆಸ್ಟರಾನ್ ಬರೆದದ್ದು ಅದಕ್ಕೇ. ಜೆಲ್ ಚೆನ್ನಾಗಿದೆ, ಕ್ಯಾಪ್ಸೂಲ್ ಯಾಕೆ ಸುಮ್ನೆ ಅಂತ ಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿಯೇ ತಗೊಳ್ಳಿ, ಅದು ಸ್ವಲ್ಪ ಮಂಪರು ತರುತ್ತದೆ, ನಿಮಗೆ ಅದು ಅನುಕೂಲವೇ.

ಕೆಲಸ ಯಾವುದು ಜಾಸ್ತಿ ಮಾಡುತ್ತದೆ ಅಂದರೆ, ಸರಿಯಾದ ಡೋಸಿನ ಹಾರ್ಮೋನ್ ಝಳವನ್ನು ಮುಕ್ಕಾಲು ಪಾಲು ಇಳಿಸುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಒಂದು ಅಧ್ಯಯನ ಅಮೆರಿಕದಲ್ಲಿ 2014ರಲ್ಲಿ ಬಂತು. 339 ಹೆಂಗಸರು. ಕಡಿಮೆ ಡೋಸಿನ ಎಸ್ಟ್ರಾಡಯಾಲ್ ತಗೊಂಡವರಲ್ಲಿ ಝಳ ಸುಮಾರು ನೂರಕ್ಕೆ 53ರಷ್ಟು ಇಳಿಯಿತು, ವೆನ್ಲಾಫ್ಯಾಕ್ಸಿನ್ 75 ತಗೊಂಡವರಲ್ಲಿ ಸುಮಾರು 48, ಏನೂ ಇಲ್ಲದ ಸಕ್ಕರೆ ಗುಳಿಗೆಯವರಲ್ಲಿ 29. ಅಂತರ ದೊಡ್ಡದಲ್ಲ ಅಂತ ಅನಿಸಬಹುದು, ಆದರೆ ಅಲ್ಲಿ ಹಾರ್ಮೋನ್ ಕೊಟ್ಟದ್ದು ಅರ್ಧ ಮಿಲಿಗ್ರಾಂ ಮಾತ್ರ. ಕಾಕು, ಆ 29 ಇದೆಯಲ್ಲ, ನಿಮ್ಮ ಶತಾವರಿಯ ಲೆಕ್ಕವನ್ನೂ ಅಲ್ಲೇ ಹುಡುಕಬೇಕು. ಏನು ಕೊಟ್ಟರೂ ಮೂರರಲ್ಲಿ ಒಂದು ಪಾಲು ಇಳಿಯುವ ತೊಂದರೆ ಇದು. ಸೋಯಾ ತಿನ್ನಬೇಡಿ ಅಂತಲ್ಲ, ತಿನ್ನಿ, ಬೆಟ್ಟವನ್ನೂ ಹತ್ತಿ, ಮೂಳೆಗೆ ಒಳ್ಳೆಯದು. ಅದನ್ನು ನಂಬಿ ನಿದ್ದೆ ಕಳಕೊಂಡು ಕೂರಬೇಡಿ ಅಂತ ಅಷ್ಟೇ. ಬಂದಂಗೆ ಹೋಗುತ್ತದೆ ಅನ್ನೋದೂ ಅಷ್ಟು ಸುಲಭ ಅಲ್ಲ. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಪದೇ ಪದೇ ಝಳ ಬರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನರಿಗೆ ಏಳು ವರ್ಷ ದಾಟಿಯೂ ಅದು ಮುಂದುವರಿದಿತ್ತು.

ಡಿಪ್ರೆಷನ್ ಗುಳಿಗೆಗೆ ಝಳದ ಮೇಲೆ ಏನು ಕೆಲಸ ಅಂತ ಟೀಚರ ಅತ್ತೆ ಕೇಳಿದರೆ ಹೀಗೆ ಹೇಳಿ. ಮೈ ಕಾವು ನೋಡಿಕೊಳ್ಳುವ ಒಂದು ಜಾಗ ಮಿದುಳಿನಲ್ಲಿದೆ. ಗೀಸರಿನ ಕಟ್-ಆಫ್ ಕೆಟ್ಟು ನೀರು ಬೆಚ್ಚಗಾಗುವ ಮೊದಲೇ ಟಪ್ ಅಂತ ಬೀಳುವ ಹಾಗೆ, ಈಸ್ಟ್ರೋಜನ್ ಕಡಿಮೆಯಾದಾಗ ಆ ಜಾಗ ಚೂರು ಕಾವು ಏರಿದರೂ ಅತಿಯಾಯಿತು ಅಂದುಕೊಂಡು ಬೆವರು ಸುರಿಸುತ್ತದೆ. ಅಲ್ಲಿ ಸಿರೊಟೋನಿನ್, ನಾರ್‌ಅಡ್ರಿನಲಿನ್ ಕೆಲಸ ಇದೆ, ಈ ಗುಳಿಗೆಗಳು ಮುಟ್ಟುವುದೂ ಅವನ್ನೇ. ಅದಕ್ಕೇ ಡಿಪ್ರೆಷನ್ ಇಲ್ಲದವರಿಗೂ ಇವು ಕೆಲಸ ಮಾಡುತ್ತವೆ. ಮನಸ್ಸಿಗೆ ತಿಂಗಳು ಒಂದೂವರೆ ತಿಂಗಳು ಬೇಕಾದರೆ ಝಳಕ್ಕೆ ಎರಡು ವಾರ ಸಾಕು. 2013ರಲ್ಲಿ ಅಮೆರಿಕದಲ್ಲಿ ಪ್ಯಾರೋಕ್ಸೆಟಿನ್ 7.5 ಮಿಲಿಗ್ರಾಂ ಅನ್ನು ಝಳಕ್ಕೆಂದೇ ಒಪ್ಪಿದರು, ಡಿಪ್ರೆಷನ್‌ಗೆ ಕೊಡುವುದು 20ರಿಂದ ಮೇಲೆ.

ಆದರೆ ಟೀಚರ್ ವಿಷಯದಲ್ಲಿ ಇನ್ನೊಂದು ಮಾತಿದೆ. ವೆನ್ಲಾಫ್ಯಾಕ್ಸಿನ್ ಕೆಲವರಲ್ಲಿ ಬಿಪಿ ಏರಿಸುತ್ತದೆ. ನಿಮಗೆ ಆಗಲೇ ಬಿಪಿ ಇದೆ. ಕಂಟ್ರೋಲಿನಲ್ಲಿರುವ ಬಿಪಿ ಹಾರ್ಮೋನಿಗೆ ಅಡ್ಡಿಯಲ್ಲ, ಅದರಲ್ಲೂ ಜೆಲ್ ಆದರೆ. ಚಿಕ್ಕಮ್ಮನಿಗೆ 60ರ ಮೇಲೆ ಕ್ಯಾನ್ಸರ್ ಬಂದದ್ದೂ ತಾನಾಗಿಯೇ ಬೇಡ ಅನ್ನಲು ಕಾರಣವಲ್ಲ. ತಾಯಿಗೋ ಅಕ್ಕತಂಗಿಗೋ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಮನೆತನದಲ್ಲಿ ಇಬ್ಬರು ಮೂವರಿಗೆ ಬಂದಿದ್ದರೆ ಬೇರೆ ಲೆಕ್ಕ. ಒಂದು ಮ್ಯಾಮೊಗ್ರಾಂ ಮಾಡಿಸಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡ್ ಜಾಸ್ತಿ ಇದ್ದರೂ ಹೀಗೇ ಬೆವರುತ್ತದೆ. ಸಂಜೆ ಸಂಜೆ ಜ್ವರ, ತೂಕ ಇಳಿಯೋದು ಇದ್ದರಂತೂ ಮುಟ್ಟು ನಿಂತದ್ದಕ್ಕೇ ಅಂತ ಕೂರಬಾರದು, ಟಿಬಿ ಪರೀಕ್ಷೆ ಆಗಬೇಕು.

ಎದೆ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು, ಹಾರ್ಟ್ ಅಟ್ಯಾಕ್ ಆದವರು, ಲಿವರ್ ಕಾಯಿಲೆ ಇರುವವರು, ಕಾರಣ ತಿಳಿಯದೆ ರಕ್ತ ಹೋಗುತ್ತಿರುವವರು ಹಾರ್ಮೋನ್ ಮುಟ್ಟಬಾರದು. ಗದಗಿನ ಅಕ್ಕಾ, ರಾತ್ರಿ ಝಳವೇ ಮತ್ತೆ ಜೋರಾದರೆ ಗ್ಯಾಬಪೆಂಟಿನ್ ಅಂತ ಇನ್ನೊಂದಿದೆ, ನಿಮ್ಮ ಡಾಕ್ಟರನ್ನು ಕೇಳಿ. ನೀವು ಹೇಳಿದ ನರನೋವಿನ ಮಾತು ಇದಕ್ಕೂ ಸರಿಹೊಂದುತ್ತದೆ, ಇದೂ ಮೂಲತಃ ಮಿರ್ಗಿ ಔಷಧಿಯೇ.

ಬ್ಯಾಡಗಿಯವ

ಗಂಡಸರು ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಕ್ಷಮಿಸಿ. ನಮ್ಮ ವೈನಿ, ಅಂದರೆ ಅತ್ತಿಗೆ ಬಗ್ಗೆ ಕೇಳಬೇಕಿತ್ತು. ವಯಸ್ಸು 39. ರಕ್ತ ಜಾಸ್ತಿ ಹೋಗುತ್ತದೆ ಅಂತ ಗರ್ಭಚೀಲ ತೆಗೆಸಿದರು, ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದಾರೆ ಅಂತ ಡಿಸ್ಚಾರ್ಜ್ ಕಾರ್ಡ್ ಓದಿದ ಮೇಲೆಯೇ ನಮಗೆ ಗೊತ್ತಾದದ್ದು. ಯಾಕೆ ತೆಗೆದರು ಅಂತ ಮೊದಲಾಗಲೀ ಆಮೇಲಾಗಲೀ ಯಾರೂ ಹೇಳಲಿಲ್ಲ. ಮನೆಗೆ ಬಂದ ವಾರದಲ್ಲೇ ಮೈ ಉರಿ ಶುರು. ಅವರು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದಿನಪೂರ್ತಿ ರಾಶಿ ಮುಂದೆ ಕೂರೋದು. ಮೊದಮೊದಲು ಎಲ್ಲರೂ ಖಾರದ ಘಾಟು ಅಂದೆವು. ಕೆಲಸ ಬಿಟ್ಟು ಮನೆಯಲ್ಲಿದ್ದಾಗಲೂ ನಿಲ್ಲಲಿಲ್ಲ. ಈಗ ನೆತ್ತಿ ಉರಿ ಅಂತ ಹರಳೆಣ್ಣೆ ಬಡಿದುಕೊಂಡು ಕೂರುತ್ತಾರೆ, ಸಣ್ಣ ಮಾತಿಗೆ ಅಳುತ್ತಾರೆ. ಒಬ್ಬರು ನಿದ್ದೆ ಗುಳಿಗೆ ಕೊಟ್ಟಿದ್ದಾರೆ. ಇವರಿಗೂ ಹಾರ್ಮೋನ್ ಕೊಡುತ್ತಾರಾ ಮೇಡಂ, ಅಥವಾ ಗರ್ಭಚೀಲವೇ ಇಲ್ಲದ ಮೇಲೆ ಕೊಟ್ಟು ಉಪಯೋಗ ಇಲ್ಲವಾ?

ಧಾರವಾಡ ಲೇಡಿ ಡಾಕ್ಟರ್

ನೀವು ಕೇಳಿದ್ದು ಒಳ್ಳೆಯದಾಯಿತು ತಮ್ಮಾ. ನಿಮ್ಮ ವೈನಿಗೆ ಟೀಚರಿಗಿಂತ ಮೊದಲು ಹಾರ್ಮೋನ್ ಬೇಕು. ನಮ್ಮ ಕಡೆ ತಾನಾಗಿ ಮುಟ್ಟು ನಿಲ್ಲುವುದು 46, 47ರ ಸುಮಾರಿಗೆ. ಆಗ ಈಸ್ಟ್ರೋಜನ್ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಅಂಡಾಶಯ ಕತ್ತರಿಸಿ ತೆಗೆದರೆ ಒಂದೇ ದಿನಕ್ಕೆ ಇಲ್ಲವಾಗುತ್ತದೆ, ಅದಕ್ಕೇ ಝಳ ಅಷ್ಟು ಜೋರು. ಝಳ ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. 39ರಿಂದಲೇ ಈಸ್ಟ್ರೋಜನ್ ಇಲ್ಲದೆ ಹೋದರೆ ಮೂಳೆ ಸವೆತ, ಹೃದಯದ ತೊಂದರೆ ಬೇಗ ಬರುತ್ತವೆ. ಹಾಗಾಗಿ ಬೇರೆ ಅಡ್ಡಿ ಇಲ್ಲದಿದ್ದರೆ ತಾನಾಗಿ ನಿಲ್ಲುವ ವಯಸ್ಸಿನ ತನಕವಾದರೂ ಹಾರ್ಮೋನ್ ಕೊಡಬೇಕು. ನಿದ್ದೆ ಗುಳಿಗೆ, ಡಿಪ್ರೆಷನ್ ಗುಳಿಗೆ ಯಾವುದೂ ಮೂಳೆ ಕಾಯುವುದಿಲ್ಲ. ಗರ್ಭಚೀಲ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು, ಪ್ರೊಜೆಸ್ಟರಾನ್ ಬೇಕಾಗುವುದಿಲ್ಲ. 2002ರ ಅಧ್ಯಯನ ಅಂದೆನಲ್ಲ, ಅದರಲ್ಲೇ ಗರ್ಭಚೀಲ ತೆಗೆಸಿದ್ದವರ ಇನ್ನೊಂದು ಗುಂಪಿತ್ತು. ಅವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟಿದ್ದರು. ಅವರಲ್ಲಿ ಎದೆ ಕ್ಯಾನ್ಸರ್ ಏರಲಿಲ್ಲ. ಇದನ್ನು ಪೇಪರಿನವರು ಅಷ್ಟು ದೊಡ್ಡದಾಗಿ ಹಾಕಲಿಲ್ಲ ಬಿಡಿ.

ಡಿಸ್ಚಾರ್ಜ್ ಕಾರ್ಡ್, ತೆಗೆದ ಭಾಗದ ಬಯಾಪ್ಸಿ ರಿಪೋರ್ಟ್ ಎರಡನ್ನೂ ಹಿಡಿದುಕೊಂಡು ಸ್ತ್ರೀರೋಗ ವೈದ್ಯರಿಗೆ ತೋರಿಸಿ. ಬಯಾಪ್ಸಿ ಏನು ಬಂದಿದೆ ಅನ್ನೋದರ ಮೇಲೆ ಹಾರ್ಮೋನ್ ನಿರ್ಧಾರ ಬದಲಾಗಬಹುದು. ಖಾಸಗಿ ದುಬಾರಿ ಅನಿಸಿದರೆ ಹಾವೇರಿ ಜಿಲ್ಲಾ ಆಸ್ಪತ್ರೆ ಅಥವಾ ಹುಬ್ಬಳ್ಳಿ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಓಪಿಡಿಗೆ ಹೋಗಿ. ಅಳುವುದು ನಿಲ್ಲದೆ ಊಟ, ನಿದ್ದೆ ಎಲ್ಲ ಬಿಟ್ಟರೆ ಅದನ್ನೂ ಅಲ್ಲೇ ಹೇಳಿ.

ಸಪ್ತಾಪುರ

ಮೇಡಂ ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ, ಯಾಕೆಂದರೆ ನನಗೆ ಎರಡೂ ಬೇಕಾದವು. ಮಗಳು ಹುಟ್ಟಿದ ಮೇಲೆ ನನಗೆ ಡಿಪ್ರೆಷನ್ ಆಗಿತ್ತು, ಔಷಧಿ ತಗೊಂಡು ವಾಸಿಯಾಗಿತ್ತು. ಮುಟ್ಟು ಏರುಪೇರಾಗತೊಡಗಿದಾಗ ಮತ್ತೆ ಬಂತು. ಒಮ್ಮೆ ಆದವರಿಗೆ ಈ ವಯಸ್ಸಿನಲ್ಲಿ ಮರಳಿ ಬರುವುದು ಜಾಸ್ತಿಯಂತೆ, ಅದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಹಾರ್ಮೋನ್ ಶುರು ಮಾಡಿದೆ. ಝಳ ಹೋಯಿತು, ನಿದ್ದೆ ಬಂತು. ಆದರೆ ಬೆಳಗ್ಗೆ ಎದ್ದರೆ ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲ. ಕುಕ್ಕರು ಕೂಗುತ್ತಿದ್ದರೂ ಎದ್ದು ಹೋಗಿ ಗ್ಯಾಸ್ ಆರಿಸಲು ಬೇಸರ. ಮಗಳ ನಿಶ್ಚಯದ ಸೀರೆ ತರಲು ಹೋಗಿ ಅಂಗಡಿಯಲ್ಲಿ ಸುಮ್ನೆ ಕೂತು ಬಂದಿದ್ದೇನೆ, ಅವರು ಬಿಚ್ಚಿ ಬಿಚ್ಚಿ ತೋರಿಸಿದರು, ನನಗೆ ಎಲ್ಲಾ ಒಂದೇ ಥರ ಕಂಡವು. ಟೀಚರ್ ಬರೆದ ಹಾಗೆ ನಿದ್ದೆ ಬಂದ ಮರುದಿನ ಸರಿಯಾಗುವ ಸಿಟ್ಟು ಅಲ್ಲ ಇದು.

ಕೊನೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಓಪಿಡಿಗೆ ಹೋದೆ. ಎಸಿಟಾಲೊಪ್ರಾಂ ಅನ್ನೋ ಡಿಪ್ರೆಷನ್ ಗುಳಿಗೆ ಶುರು ಮಾಡಿದರು, ಹಾರ್ಮೋನ್ ನಿಲ್ಲಿಸಲು ಹೇಳಲಿಲ್ಲ, ಎರಡೂ ಒಟ್ಟಿಗೆ ನಡೆಯಿತು. ಗುಣ ಕಾಣಲು ತಿಂಗಳ ಮೇಲೆ ಹಿಡಿಯಿತು. ಇನ್ನೊಂದು ಯಾರೂ ಹೇಳದ ಮಾತು: ಈ ಗುಳಿಗೆಯಿಂದ ಗಂಡ ಹೆಂಡತಿ ಸಂಬಂಧದ ಆಸೆ ಇನ್ನೂ ಇಳಿಯುತ್ತದೆ. ಮೊದಲೇ ಆ ಜಾಗ ಒಣಗಿ ನೋವು, ಅದರ ಮೇಲೆ ಇದು. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಒಣಗುವುದಕ್ಕೆ ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮು ಇದೆ, ಅದು ಮೈಗೆ ಏರುವುದು ತೀರಾ ಕಡಿಮೆ. ನನಗೆ ಪದೇ ಪದೇ ಬರುತ್ತಿದ್ದ ಉರಿಮೂತ್ರವೂ ಅದರಿಂದ ನಿಂತಿತು.

ಓಪಿಡಿಯಲ್ಲಿ ಪರಿಚಯದವರು ಕಂಡಾರು ಅನ್ನೋ ಹೆದರಿಕೆ ಇರುವವರು ಮೊದಲು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನೋ ಯೋಚನೆ ಬರುವವರಂತೂ ಝಳದ ಚರ್ಚೆ ಎಲ್ಲ ಆಮೇಲೆ, ಮೊದಲು ಅಲ್ಲಿ ಮಾತಾಡಿ.

ಕೇಶ್ವಾಪುರ ಕಾಕು

ಡಾಕ್ಟರ್ ಬಾಯಿಯವರೇ, ನನ್ನ ಶತಾವರಿಯನ್ನು ಸಕ್ಕರೆ ಗುಳಿಗೆ ಸಾಲಿಗೆ ಸೇರಿಸಿಬಿಟ್ಟಿರಿ, ಇರಲಿ. ನಾನು ಈಗ ಹಾರ್ಮೋನ್ ಶುರು ಮಾಡಿದರೆ ಮೊಳಕಾಲು ನೋವು ಹೋಗುತ್ತದೋ?

ಧಾರವಾಡ ಲೇಡಿ ಡಾಕ್ಟರ್

ಬೇಡ ಕಾಕು. 60 ದಾಟಿದ ಮೇಲೆ ಹೊಸದಾಗಿ ಶುರು ಮಾಡಿದರೆ ಹೃದಯ, ಪಾರ್ಶ್ವವಾಯು ಅಪಾಯದ ಲೆಕ್ಕ ಬದಲಾಗುತ್ತದೆ, ಮೊಳಕಾಲಿಗೆ ಅಂತೂ ಅದು ಔಷಧಿಯಲ್ಲ. ಬೆಟ್ಟ ಹತ್ತುವಾಗ ನೋವಾದರೆ ಕೆಳಗೇ ನಡೆಯಿರಿ, ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಸ್ಕ್ಯಾನ್ ಒಂದು ಮಾಡಿಸಿ.

ವಿದ್ಯಾನಗರ ಟೀಚರ್, ಹುಬ್ಬಳ್ಳಿ

ಇಷ್ಟು ಜನ ಇಷ್ಟು ಬಿಚ್ಚಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಮನೆಯವರಿಗೆ 30 ಮತ್ತು 38ರ ಲೆಕ್ಕ ಓದಿ ಹೇಳಿದೆ. ಅವರು ಬ್ಯಾಂಕಿನವರು, ಲೆಕ್ಕ ಅಂದರೆ ಕೇಳುತ್ತಾರೆ. ಹತ್ತು ಸಾವಿರಕ್ಕೆ ಎಂಟಾ ಅಂತ ಎರಡು ಸಲ ಕೇಳಿ ಸುಮ್ಮನಾದರು. ಅತ್ತೆ ಇನ್ನೂ ಒಪ್ಪಿಲ್ಲ. ಗದಗಿನ ಅಕ್ಕನ ವಿಷಯ ಹೇಳಿದ ಮೇಲೆ, ಆ ಗುಳಿಗೆಯ ಬಗ್ಗೆ ಮಾತಾಡೋದು ನಿಲ್ಲಿಸಿದ್ದಾರೆ. ಮ್ಯಾಮೊಗ್ರಾಂ, ಥೈರಾಯ್ಡ್ ಮಾಡಿಸಿ, ರಿಪೋರ್ಟ್ ಸರಿ ಇದ್ದರೆ ಜೆಲ್ ಶುರು ಮಾಡುತ್ತೇನೆ. ವೆನ್ಲಾಫ್ಯಾಕ್ಸಿನ್ ಬಿಪಿ ಏರಿಸಬಹುದಂತೆ ಅಂತ ಮೊದಲಿನ ಡಾಕ್ಟರಿಗೂ ಹೋಗಿ ಹೇಳುತ್ತೇನೆ, ಜಗಳಕ್ಕಲ್ಲ, ನನ್ನ ಬಿಪಿ ನೋಡುವವರು ಅವರೇ ತಾನೇ, ನಾನು ಏನು ಹಚ್ಚಿಕೊಳ್ಳುತ್ತಿದ್ದೇನೆ ಅಂತ ಅವರಿಗೆ ಗೊತ್ತಿರಬೇಕು.

ಮೇಡಂ, ಎರಡು ಸಣ್ಣ ಪ್ರಶ್ನೆ. ಎಷ್ಟು ವರ್ಷ ಹಚ್ಚಬೇಕು? ಮತ್ತೆ ಮುಟ್ಟು ಶುರುವಾಗುತ್ತದಾ?

ಧಾರವಾಡ ಲೇಡಿ ಡಾಕ್ಟರ್

ಇಷ್ಟೇ ವರ್ಷ ಅಂತ ಗೆರೆ ಇಲ್ಲ. ವರ್ಷಕ್ಕೊಮ್ಮೆ ಬಂದು ಬಿಪಿ, ಎದೆ ಪರೀಕ್ಷೆ ಮಾಡಿಸಿ, ಬೇಕಾ ಬೇಡವಾ ಅಂತ ಆಗ ಕೂತು ನೋಡೋದು. ಎರಡೂ ಹಾರ್ಮೋನ್ ಒಟ್ಟಿಗೆ ತಗೊಳ್ಳುವಾಗ ವರ್ಷ ಹೆಚ್ಚಾದಂತೆ ಎದೆ ಕ್ಯಾನ್ಸರ್ ಅಪಾಯ ಸ್ವಲ್ಪ ಸ್ವಲ್ಪ ಏರುತ್ತದೆ, ಅದನ್ನು ಮರೆಯೋದು ಬೇಡ. ಪೂರ್ತಿ ಗುಣ ಕಾಣಲು ಮೂರು ತಿಂಗಳು ಕೊಡಿ, ಹದಿನೈದು ದಿನಕ್ಕೇ ಆಗಲಿಲ್ಲ ಅಂತ ಬಿಡಬೇಡಿ. ಜೆಲ್ ಹಚ್ಚಿಕೊಂಡು ಪೂರ್ತಿ ಒಣಗಿದ ಮೇಲೆ ಬಟ್ಟೆ ಹಾಕಿಕೊಳ್ಳಿ, ಕೈ ತೊಳೆಯಿರಿ. ಸಣ್ಣ ಮಕ್ಕಳು ಆ ಜಾಗ ಮುಟ್ಟಬಾರದು. ಕ್ಯಾಪ್ಸೂಲ್ ದಿನಾ ತಗೊಂಡರೆ ತಿಂಗಳು ತಿಂಗಳು ಮುಟ್ಟು ಬರುವುದಿಲ್ಲ. ಶುರುವಿನ ಕೆಲವು ತಿಂಗಳು ಚೂರು ರಕ್ತ ಕಾಣಬಹುದು. ಆರು ತಿಂಗಳು ಕಳೆದ ಮೇಲೂ ಕಂಡರೆ, ಅಥವಾ ಜೋರಾಗಿ ಹೋದರೆ, ಸ್ಕ್ಯಾನ್ ಮಾಡಿಸಲೇಬೇಕು. ಜೆಲ್ ಶುರು ಮಾಡುವ ಮೊದಲೇ ಕಂಡರೆ ಶುರುವೇ ಮಾಡಬೇಡಿ, ಮೊದಲು ಬಂದು ತೋರಿಸಿ.